ಹೊಳೆಗೆ ಎದುರಾಗಿ ಬಂದ ಯತಿರಾಜರು

ಶಿವನಸಮುದ್ರಕ್ಕೆ ಬಂದವರು ಗಗನಚುಕ್ಕಿ, ಭರಚುಕ್ಕಿಗಳ ಭೋರ್ಗರೆತಕ್ಕೆ ಬೆರಗಾಗಿ, 1902ರಲ್ಲಿ ಆರಂಭವಾದ ವಿದ್ಯುದಾಗಾರವನ್ನು ಕೊಂಡಾಡಿ ಹಿಂದಿರುಗುವರು. ಹೊಳೆಯ ನಡುವಣ ದ್ವೀಪದಲ್ಲಿ ಪವಡಿಸಿರುವ ಮಧ್ಯರಂಗನನ್ನು ಕಾಣುವವರು ಕಡಮೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಇಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರಿಗೂ ಕಾವೇರಿಯೇ ಮಾಲೆ. ನೀರು ಶ್ರೀರಂಗದತ್ತ ಹರಿಯುತ್ತದೆ. ಆದರೆ ಒಂಬೈನೂರು ವರ್ಷಗಳ ಹಿಂದೆ ಶ್ರೀರಂಗವನ್ನು ತೊರೆದು, ಈ ನೀರು ಹುಟ್ಟಿಬರುವ ನಾಡಿನತ್ತ ಯತಿಗಳೊಬ್ಬರು ನಡೆದು ಬಂದರು. ಅವರೇ ಶ್ರೀರಾಮಾನುಜಾಚಾರ್ಯರು.

ಅವರು 1017ರಲ್ಲಿ ಶ್ರೀಪೆರುಂಬೂದೂರಿನಲ್ಲಿ ಜನಿಸಿ, 1137ರಲ್ಲಿ ಪರಮಪದವನ್ನು ಸೇರಿದರೆಂದು ಸಂಪ್ರದಾಯದ ಗಣನೆ. ಶ್ರೀಭಾಷ್ಯವನ್ನು ರಚಿಸಿದ ಈ ಪಂಡಿತರು ಶ್ರೀರಂಗದ ದೇವಾಲಯದ ಆಡಳಿತವನ್ನೂ ವಹಿಸಿದ್ದವರು. ಮತಪ್ರಸಾರಕ್ಕೆಂದು 74 ಮಂದಿ ಸಿಂಹಾಸನಾಧಿಪತಿಗಳನ್ನು ನೇಮಿಸಿದರೆಂದು ಗುರುಪರಂಪರೆ ಹೇಳುತ್ತದೆ. ಕ್ರೈಸ್ತ ದೇಶಗಳಲ್ಲಿ ತಮ್ಮ ಪೀಠವನ್ನು ನಡೆಸಿ, ಕಾಲಾನಂತರ ಸಂತರೆಂದು ಪೂಜೆಗೊಂಡ ಬಿಷಪ್ಪರನ್ನು ಇದು ನೆನಪಿಗೆ ತರುವುದು.

ಚೋಳರಸನ ಕಿರುಕುಳವೇ ಅವರ ವಲಸೆಗೆ ಕಾರಣವೆಂದು ಐತಿಹ್ಯ. ಗುರುವಿನ ಕಾಷಾಯವನ್ನು ಉಟ್ಟು ಆಸ್ಥಾನಕ್ಕೆ ಹೋದ ಶಿಷ್ಯ ಕೂರೇಶರು ಕಣ್ಣುಗಳನ್ನು ಕಳೆದುಕೊಂಡರಂತೆ. ಗುರುಗಳು ಬಿಳಿಯ ಬಟ್ಟೆಯುಟ್ಟು ಕಾಡುಹಾದಿ ಹಿಡಿದರಂತೆ. ಸಾಲಿಗ್ರಾಮ, ತೊಣ್ಣೂರುಗಳಲ್ಲಿ ತಂಗಿ ಮೇಲುಕೋಟೆಗೆ ಬಂದು, ಅಲ್ಲಿ ಹನ್ನೆರಡು ವರ್ಷ ನೆಲೆಸಿದರೆಂಬುದು ಪ್ರತೀತಿ.

ಆಗ ನಾಡನ್ನು ಆಳುತ್ತಿದ್ದವನು ಹೊಯ್ಸಳ ಬಿಟ್ಟಿದೇವ. 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು ಅಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದವನು. ಅವನು ವಿಷ್ಣುವರ್ಧನನಾದದ್ದು ಆಚಾರ್ಯರಿಂದಲೇ ಎಂದು ಜನ ನಂಬುವರು. ಆದರೆ ಪಟ್ಟದ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯನ್ನೂ ಕಟ್ಟಿಸಿದಳು. ಅರಮನೆಯಲ್ಲಿ ಎರಡು ಧರ್ಮಗಳು ಒಟ್ಟಿಗೆ ಬಾಳಿದವು.

ಮೇಲುಕೋಟೆಯ ಉತ್ಸವಮೂರ್ತಿ ದಿಲ್ಲಿಯ ಸುಲ್ತಾನನ ಮಗಳ ಬಳಿ ಇದ್ದಿತೆಂದೂ, ಆಚಾರ್ಯರು ಅದನ್ನು ಮರಳಿ ತಂದರೆಂದೂ, ವಿರಹ ತಾಳದ ಆ ಕುವರಿ ಹಿಂಬಾಲಿಸಿ ಬಂದು ದೇವರಲ್ಲಿ ಐಕ್ಯಳಾದಳೆಂದೂ ಕಥೆಯುಂಟು. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಮೊದಲಾದದ್ದು 1206ರಲ್ಲಿ. ಆದುದರಿಂದ ಕಾಲಗಣನೆಗೆ ಈ ಕಥೆ ಒಗ್ಗದು. ಆದರೂ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚಿಯಾರಳಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಚರಿತ್ರೆ ಒಪ್ಪದುದನ್ನು ಭಕ್ತಿ ಒಪ್ಪಿಕೊಂಡಿತು.

ಆ ಮೂರ್ತಿಯನ್ನು ಕಾಪಾಡಿ ತರಲು ನೆರವಾದವರು ಊರ ಹೊರಗಿನ ಅಸ್ಪೃಶ್ಯರು. ಆಚಾರ್ಯರು ಅವರನ್ನು ‘ತಿರುಕುಲದವರು’, ಎಂದರೆ ಶ್ರೀಕುಲದವರು, ಎಂದು ಕರೆದು ದೇಗುಲದ ಬಾಗಿಲು ತೆರೆಸಿದರೆಂದು ಐತಿಹ್ಯ. ಆದರೆ ಆ ಬಾಗಿಲು ಮುಂದೆ ಅವರಿಗೆ ತೆರೆಯುತ್ತಿದ್ದುದು ವರ್ಷದಲ್ಲಿ ಗೊತ್ತಾದ ಕೆಲವೇ ದಿನ! ಗುರುಗಳು ಕೊಟ್ಟ ಹೆಸರನ್ನು ಉಳಿಸಿಕೊಂಡ ನಾವು, ಅದರ ಅರ್ಥವನ್ನು ಉಳಿಸಿಕೊಳ್ಳಲಿಲ್ಲ. ಅಸ್ಪೃಶ್ಯತೆಯನ್ನು ಅಳಿಸುವ ಮಾತು ಶಾಸನವಾಗಲು 1950ರ ಸಂವಿಧಾನವೇ ಬರಬೇಕಾಯಿತು.

ಆಚಾರ್ಯರು ಶ್ರೀರಂಗಕ್ಕೆ ಹೊರಟುನಿಂತಾಗ ಅಗಲಿಕೆಯನ್ನು ತಾಳದ ಶಿಷ್ಯರು ಅವರ ವಿಗ್ರಹವನ್ನು ಮಾಡಿಸಿಕೊಂಡರೆಂದು ಹೇಳುವರು. ‘ತಮರುಗಂದ ತಿರುಮೇನಿ’, ಎಂದರೆ ತಮ್ಮವರು ಒಲಿದ ಮೂರ್ತಿ, ಎಂಬುದು ಅದರ ಹೆಸರು. ಚೈತ್ರದ ಆರ್ದ್ರಾ ನಕ್ಷತ್ರದಂದು ಅದಕ್ಕೆ ಉತ್ಸವ ನಡೆಯುವುದು. ವೈರಮುಡಿಯ ಇರುಳು ಮೇಲುಕೋಟೆಗೆ ಹೋಗುವ ವಾಚಕರು, ವಜ್ರದ ಕಿರೀಟವನ್ನು ಕಂಡಮೇಲೆ ಈ ಮೂರ್ತಿಯ ಮುಂದೆಯೂ ಒಂದು ಗಳಿಗೆ ನಿಲ್ಲಲಿ. ‘ತಮ್ಮವರು’ ಎಂದು ಅವರು ಯಾರನ್ನು ಕರೆದರು, ನಾವು ಯಾರನ್ನು ಕರೆಯುತ್ತಿದ್ದೇವೆ ಎಂದು ಕೇಳಿಕೊಂಡರೆ, ಅದೇ ಆ ಯತಿರಾಜರಿಗೆ ಸಲ್ಲುವ ಪೂಜೆ.