ಬೀಗದ ಕೈ ಸೊಂಟದಲ್ಲೇ ಇರಲಿ

ಊದುಗೊಳವೆ ಹಿಡಿದು ಒಲೆ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದ ಕಾಲ ಹೋಯಿತು, ಗ್ಯಾಸು ಬಂತು. ಒರಳು ಹಿತ್ತಲ ಮೂಲೆ ಸೇರಿತು. ಮಿಕ್ಸಿ, ಗ್ರೈಂಡರ್ ಬಂದವು. ಬಂದದ್ದನ್ನೆಲ್ಲ ನಾವು ಗೃಹಿಣಿಯರು ಸಂತೋಷದಿಂದಲೇ ಒಳಗೆ ಕರೆದುಕೊಂಡೆವು. ಯಾಕೆ ಬೇಡ ಅನ್ನಬೇಕು? ಉಳಿದದ್ದು ನಮ್ಮ ರಟ್ಟೆಯ ಶಕ್ತಿ ತಾನೇ!

ಈಗ ಮನೆಗೆ ಬರುತ್ತಿರುವುದು ಬೇರೆಯೇ ಜಾತಿಯ ಸಾಮಾನು. ಫೋನಿನಿಂದ ಹೊತ್ತಿಸುವ ಬಲ್ಬು, ಮಾತಾಡಿದರೆ ಉತ್ತರ ಕೊಡುವ ಸ್ಪೀಕರು, ಬಾಗಿಲ ಮುಂದೆ ನಿಂತವರ ಮುಖ ತೋರಿಸುವ ಕರೆಗಂಟೆ, ಕೀಲಿಯೇ ಬೇಡದ ಬೀಗ, ನಡುಮನೆಯ ಮೂಲೆಯಲ್ಲಿ ಕಣ್ಣು ಬಿಟ್ಟು ಕುಳಿತ ಕ್ಯಾಮೆರಾ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಹಬ್ಬಕ್ಕೆ ಬಂದಾಗ ಪ್ರೀತಿಯಿಂದ ತಂದು ಜೋಡಿಸಿ ಹೋಗುತ್ತಾರೆ. ಅವರು ಬಸ್ಸು ಹತ್ತಿದ ಮೇಲೆ ಅದರ ಜೊತೆ ಏಗಬೇಕಾದವರು ಯಾರು? ನಾವು!

ಇವು ಕೆಟ್ಟವೆಂದು ನಾನು ಹೇಳುವುದಿಲ್ಲ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಹಾವು ಚೇಳಿನ ಹೆದರಿಕೆಯಲ್ಲಿ ತೋಟಕ್ಕೆ ಓಡುತ್ತಿದ್ದ ರೈತ, ಈಗ ಮಲಗಿದ್ದಲ್ಲಿಂದಲೇ ಮೊಬೈಲಿನಿಂದ ಪಂಪ್‌ಸೆಟ್ ಚಾಲೂ ಮಾಡುತ್ತಾನೆ. ಒಂಟಿಯಾಗಿರುವ ಮುದುಕರಿಗೆ ಬಾಗಿಲ ಹೊರಗೆ ಯಾರು ನಿಂತಿದ್ದಾರೆಂದು ತಿಳಿದರೆ ಎಷ್ಟೋ ಧೈರ್ಯ. ಆದರೆ ಬಳಸುವುದು ಬೇರೆ, ಅದನ್ನೇ ನೆಚ್ಚಿಕೊಂಡು ಕೂರುವುದು ಬೇರೆ. ಎರಡನೆಯದರ ಕಷ್ಟಗಳನ್ನು ಕೊಳ್ಳುವ ಮುಂಚೆಯೇ ತಿಳಿದುಕೊಳ್ಳೋಣ.

ಹಿತ್ತಲ ಕರಿಬೇವಿಗೆ ಮೈಸೂರಿನ ದಾರಿ

ಗೋಡೆಯ ಸ್ವಿಚ್ಚು ಒತ್ತಿದರೆ ಕರೆಂಟು ತಂತಿಯಲ್ಲಿ ನೇರ ಬಲ್ಬಿಗೆ ಹೋಗುತ್ತದೆ. ಫೋನಿನಲ್ಲಿ ಒತ್ತಿದರೆ ಸಾಮಾನ್ಯವಾಗಿ ಆಗುವುದೇ ಬೇರೆ. ನಿಮ್ಮ ಅಪ್ಪಣೆ ಇಂಟರ್‌ನೆಟ್ ಹಿಡಿದು ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ನಿಮ್ಮ ತಲೆಯ ಮೇಲಿನ ಬಲ್ಬಿಗೆ ಮುಟ್ಟುತ್ತದೆ. ಹಿತ್ತಲ ಗಿಡದಿಂದ ಕರಿಬೇವು ಕೀಳಲು ಮೈಸೂರಿಗೆ ಹೋಗಿ ಬಂದ ಹಾಗೆ! ದಾರಿಯಲ್ಲಿ ಎಲ್ಲಿ ತಡೆಯಾದರೂ ಒಗ್ಗರಣೆ ಸೀದಂತೆಯೇ.

ನಮ್ಮಂಥ ಊರುಗಳಲ್ಲಿ ತಡೆಗೇನು ಬರ? ಮಳೆ ಗಾಳಿ ಬಂದರೆ ಕರೆಂಟು ಹೋಯಿತು. ಕರೆಂಟು ಹೋದರೆ ವೈ-ಫೈ ಡಬ್ಬಿ ಸತ್ತಿತು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದರೆ ಎರಡು ದಿನ ಲೈನಿಲ್ಲ.

ದೊಡ್ಡವರ ಮನೆಯ ತಡೆಯೂ ಉಂಟು. 2025ರ ಅಕ್ಟೋಬರ್ 20ರಂದು, ನಾವು ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ ಹಬ್ಬದೂಟಕ್ಕೆ ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕಂಪನಿಯ ಕಂಪ್ಯೂಟರ್ ಕೇಂದ್ರದಲ್ಲಿ ಏನೋ ಎಡವಟ್ಟಾಯಿತು. ಆ ಒಂದು ಕೇಂದ್ರವನ್ನು ನಂಬಿದ್ದ ಎಷ್ಟೋ ಮನೆಗಳ ಮಾತಾಡುವ ಸ್ಪೀಕರು, ಕರೆಗಂಟೆಯ ಕ್ಯಾಮೆರಾ ಕೈಕೊಟ್ಟವು. ಇಂಟರ್‌ನೆಟ್ಟಿನಿಂದ ಬಿಸಿ ತಂಪು ಮಾಡಿಕೊಳ್ಳುವ ದುಬಾರಿ ಹಾಸಿಗೆ ಕೊಂಡಿದ್ದವರು ಸೆಕೆ ತಗ್ಗಿಸಲಾಗದೆ ಹೊರಳಾಡಿದರು. ನಮ್ಮ ಚಾಪೆಗೆ ಆ ಭಯವಿಲ್ಲ, ನೋಡಿ!

ಕೊಂಡದ್ದು ನಿಮ್ಮದೇ?

ಮಿಕ್ಸಿ ಕೆಟ್ಟರೆ ಪೇಟೆಯ ರಿಪೇರಿ ಅಂಗಡಿಯವನು ಸರಿ ಮಾಡಿ ಕೊಡುತ್ತಾನೆ. ಅದನ್ನು ತಯಾರಿಸಿದ ಕಂಪನಿ ಮುಚ್ಚಿಹೋದರೂ ನಿಮ್ಮ ಚಟ್ನಿಗೆ ತೊಂದರೆಯಿಲ್ಲ. ಇಂಟರ್‌ನೆಟ್ ಸಾಮಾನಿನ ಕಥೆ ಹಾಗಲ್ಲ. ಮನೆಯ ದೀಪ, ಬೀಗಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ರಿವಾಲ್ವ್ ಎಂಬ ಯಂತ್ರವನ್ನು ಅಮೆರಿಕದ ಜನ ಸುಮಾರು 300 ಡಾಲರ್ ಕೊಟ್ಟು ಕೊಂಡಿದ್ದರು. ಅದನ್ನು ಮಾಡಿದ ಕಂಪನಿಯನ್ನು 2014ರಲ್ಲಿ ಗೂಗಲ್ ಬಳಗದ ನೆಸ್ಟ್ ಕಂಪನಿ ಕೊಂಡಿತು; 2016ರ ಮೇ ತಿಂಗಳಲ್ಲಿ ಆ ಯಂತ್ರಕ್ಕೆ ಬೇಕಾದ ಸೇವೆಯನ್ನೇ ನಿಲ್ಲಿಸಿತು. ಯಂತ್ರದಲ್ಲಿ ಒಂದು ಸ್ಕ್ರೂ ಸಡಿಲವಾಗಿರಲಿಲ್ಲ. ಆದರೂ ಅದು ಬರೀ ಡಬ್ಬಿಯಾಯಿತು. ಹಣ ಕೊಟ್ಟು ಮನೆಗೆ ತಂದ ಮೇಲೂ ಅದರ ಉಸಿರು ಕಂಪನಿಯ ಕೈಯಲ್ಲೇ ಇತ್ತು.

ನೋಡುವ ಕಣ್ಣು ಯಾರದು?

ಇದು ನಮಗೆ, ಹೆಣ್ಣುಮಕ್ಕಳಿಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ದಯವಿಟ್ಟು ಗಮನವಿಟ್ಟು ಓದಿ.

2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿ ಕ್ಯಾಮೆರಾದ ಚಿತ್ರಗಳು ಹೊರಬಿದ್ದವು. ವೈದ್ಯರ ಮುಂದೆ ಪರೀಕ್ಷೆಗೆಂದು ಮಲಗಿದ್ದ ಹೆಂಗಸರ ಚಿತ್ರಗಳು! ಕಳ್ಳರು ಅವನ್ನು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೂ ಇಟ್ಟಿದ್ದರು. ಪೊಲೀಸರು ಕೆಲವರನ್ನು ಹಿಡಿದರು ನಿಜ. ಆದರೆ ಹೊರಗೆ ಹೋದ ಮಾನವನ್ನು ಯಾವ ಪೊಲೀಸರು ಹಿಡಿದು ತರುತ್ತಾರೆ?

ಕಳ್ಳರೇ ಬರಬೇಕೆಂದಿಲ್ಲ. ಮನೆಗಳಿಗೆ ಕ್ಯಾಮೆರಾ ಮಾರುವ ಅಮೆರಿಕದ ರಿಂಗ್ ಕಂಪನಿಯ ಮೇಲೆ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ 2023ರಲ್ಲಿ ದೂರು ಹೂಡಿತು. ಕಂಪನಿಯ ನೌಕರನೊಬ್ಬ 2017ರಲ್ಲಿ ತಿಂಗಳುಗಟ್ಟಲೆ, ಗಿರಾಕಿ ಹೆಂಗಸರ ಮಲಗುವ ಕೋಣೆ, ಬಚ್ಚಲುಮನೆಗಳ ಸಾವಿರಾರು ಚಿತ್ರಗಳನ್ನು ನೋಡುತ್ತಿದ್ದನಂತೆ. ಕೊನೆಗೆ ಕಂಪನಿ 58 ಲಕ್ಷ ಡಾಲರ್ ಕೊಡಲು ಒಪ್ಪಿ ದೂರು ಮುಗಿಸಿಕೊಂಡಿತು.

ಮನೆಯವರ ಕಣ್ಣೇ ಆದರೂ ಹಗಲೂ ರಾತ್ರಿ ಮೇಲಿದ್ದರೆ ಹಿತವೇ? ನಮ್ಮ ಬೀದಿಯ ಅಜ್ಜಿಯೊಬ್ಬರ ಮನೆಯಲ್ಲಿ ದೂರದ ಮಗ ಕ್ಯಾಮೆರಾ ಹಾಕಿಸಿದ. ಅಮ್ಮ ಜಾರಿ ಬಿದ್ದರೆ ತಿಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಅಜ್ಜಿ ನನ್ನ ಹತ್ತಿರ ಮೆಲ್ಲಗೆ ಹೇಳಿದ್ದು ಇದು: "ಸೆರಗು ಸರಿ ಮಾಡ್ಕೊಳ್ಳೋಕೂ ಅಡುಗೆಮನೆಗೆ ಹೋಗ್ಬೇಕು ಕಣೇ. ಅವನೇನೋ ನನ್ನ ಮಗನೇ. ಆ ಫೋನು ಇನ್ಯಾರ ಕೈಗೆ ಸಿಗುತ್ತೋ ಯಾರಿಗೆ ಗೊತ್ತು?" ಎಷ್ಟು ಸರಿಯಾದ ಮಾತು!

ಮನೆಯೊಳಗಿನ ಮರೆ ಮುದುಕರ ಹಠವಲ್ಲ, ಅದು ಹಕ್ಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಮನೆ ಯಾರ ಮಾತು ಕೇಳುತ್ತದೆ?

ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಂಥ ಮನೆ, ಆ್ಯಪ್ ಯಾರ ಫೋನಿನಲ್ಲಿದೆಯೋ ಅವರ ಮಾತನ್ನು ಮಾತ್ರ ಕೇಳುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಗಂಡಸರ ಫೋನು.

ಗಂಡ ಹೆಂಡಿರಲ್ಲಿ ವಿಶ್ವಾಸವಿದ್ದರೆ ಚಿಂತೆಯಿಲ್ಲ. ವಿಶ್ವಾಸ ಮುರಿದರೆ? ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರಲ್ಲಿ ಅಂಥ ಹೆಂಗಸರ ಪಾಡನ್ನು ವರದಿ ಮಾಡಿತು. ಒಬ್ಬಳ ಮನೆಯಲ್ಲಿ ಹಾಕಿದ ಎ.ಸಿ. ತಾನಾಗಿ ನಿಲ್ಲುತ್ತಿತ್ತು. ಇನ್ನೊಬ್ಬಳ ಬಾಗಿಲಿನ ಬೀಗದ ಅಂಕಿ ದಿನಾ ಬದಲಾಗುತ್ತಿತ್ತು. ಮತ್ತೊಬ್ಬಳ ಕರೆಗಂಟೆ ಬಾರಿಸುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಭೂತಚೇಷ್ಟೆಯೇನಲ್ಲ, ಫೋನು ಹಿಡಿದವರು ಕೊಡುತ್ತಿದ್ದ ಕಾಟ.

ಅಷ್ಟು ದೂರ ಹೋಗುವುದೂ ಬೇಡ. ಮನೆಯಲ್ಲಿ ನೀವು, ಆ್ಯಪ್ ಮಗನ ಫೋನಿನಲ್ಲಿ, ಮಗ ಮೀಟಿಂಗಿನಲ್ಲಿ. ಬೀಗ ಓಟಿಪಿ ಕೇಳುತ್ತಿದೆ, ಸೊಸೆ ಕೈಗೂಸಿನೊಂದಿಗೆ ಹೊರಗೆ ನಿಂತಿದ್ದಾಳೆ. ಆಗ ಮನೆಯೊಡತಿ ಯಾರು?

ಹೀಗೆ ಮಾಡಿ

1. ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: "ಇಂಟರ್‌ನೆಟ್ ಇಲ್ಲದಿದ್ರೆ ಇದು ಕೆಲ್ಸ ಮಾಡುತ್ತಾ?" ಇಲ್ಲ ಎಂದರೆ ಯೋಚಿಸಿ ಕೊಳ್ಳಿ. ದೀಪ, ಗೀಸರು, ನೀರಿನ ಮೋಟಾರಿಗೆ ಗೋಡೆಯ ಸ್ವಿಚ್ಚು ಇರಲೇಬೇಕು.

2. ಬೀಗಕ್ಕೆ ಸಾದಾ ಕೀಲಿಯೂ ಇರುವಂಥದ್ದನ್ನೇ ಆರಿಸಿ. ಒಂದು ಕೀಲಿ ನಿಮ್ಮಲ್ಲಿ, ಇನ್ನೊಂದು ನಂಬಿಕಸ್ಥ ನೆರೆಮನೆಯವರಲ್ಲಿ ಇರಲಿ. ಸೆಲ್ ಮುಗಿಯುತ್ತಿದೆಯೆಂದು ಸೂಚನೆ ಬಂದ ದಿನವೇ ಬದಲಾಯಿಸಿ.

3. ಜೋಡಿಸಿದ ದಿನವೇ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸಿ. 12345, ಮಕ್ಕಳ ಹೆಸರು, ಹುಟ್ಟಿದ ವರ್ಷ ಬೇಡವೇ ಬೇಡ. ಹೊಸದನ್ನು ಬರೆದು ಬೀರುವಿನಲ್ಲಿ ಒಡವೆಯ ಜೊತೆ ಇಡಿ.

4. ಕ್ಯಾಮೆರಾ ಗೇಟಿಗೆ, ಹೊರಬಾಗಿಲಿಗೆ ಸಾಕು. ಮಲಗುವ ಕಡೆ, ಬಟ್ಟೆ ಬದಲಾಯಿಸುವ ಕಡೆ, ಬಾಣಂತಿ ಮಗುವಿಗೆ ಹಾಲೂಡಿಸುವ ಕಡೆ ಖಂಡಿತ ಬೇಡ. ಹಿರಿಯರಿದ್ದರೆ ಅವರನ್ನು ಕೇಳಿಯೇ ಹಾಕಿಸಿ.

5. ಜೋಡಿಸುವವರು ಹೊರಡುವ ಮುಂಚೆ ಆ್ಯಪ್ ನಿಮ್ಮ ಫೋನಿಗೂ ಬರಲಿ. ಯಾರ್ಯಾರ ಫೋನಿನಲ್ಲಿದೆ ಎಂದು ಪಟ್ಟಿ ತೋರಿಸಲು ಹೇಳಿ, ಬೇಡದವರನ್ನು ತೆಗೆಸಿ. "ನಿನಗೇನು ಗೊತ್ತಾಗುತ್ತೆ" ಎಂದರೆ, "ಕಲಿಸಿಕೊಡಿ, ಗೊತ್ತಾಗುತ್ತೆ" ಎನ್ನಿ.

6. ವೈ-ಫೈ ಡಬ್ಬಿಗೆ ಪುಟ್ಟ ಯುಪಿಎಸ್ ಸಿಗುತ್ತದೆ. ಕರೆಂಟು ಹೋದಾಗ ಕೆಲವು ಗಂಟೆ ಕಾಯುತ್ತದೆ.

7. ಮಾತಾಡುವ ಸ್ಪೀಕರಿಗೆ ಮೈಕು ನಿಲ್ಲಿಸುವ ಗುಂಡಿ ಇರುತ್ತದೆ. ಮನೆಯ ಹಣಕಾಸು, ಮಗಳ ಸಂಬಂಧದ ಮಾತು ಬಂದಾಗ ಅದನ್ನು ಒತ್ತಿಬಿಡಿ.

8. ಹಳೆಯ ಕ್ಯಾಮೆರಾ, ಫೋನು ಮಾರುವ ಮುಂಚೆ ಒಳಗಿನದೆಲ್ಲ ಅಳಿಸಿ ಕೊಡಿ.

ಯಾರಾದರೂ ನಿಮ್ಮ ಚಿತ್ರ ಕದ್ದು ಹೆದರಿಸಿದರೆ ಒಳಗೊಳಗೇ ಅಳುತ್ತಾ ಕೂರಬೇಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನು ಮಾಡಿ. ತಪ್ಪು ಕದ್ದವರದು, ನಿಮ್ಮದಲ್ಲ.

ಹಿಂದಿನವರು ಮನೆಯ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅದು ಬರೀ ಕಬ್ಬಿಣವಲ್ಲ, ಅಧಿಕಾರ. ಹೊಸ ಸಾಮಾನು ಬರಲಿ, ಬೇಡವೆನ್ನುವುದಿಲ್ಲ. ಆದರೆ ಬಾಗಿಲು ತೆಗೆಯುವ, ದೀಪ ಹಚ್ಚುವ, ಬೇಡವಾದ ಕಣ್ಣನ್ನು ಮುಚ್ಚುವ ಅಧಿಕಾರ ಮನೆಯಲ್ಲಿರುವವಳ ಕೈಯಲ್ಲೇ ಉಳಿಯಲಿ. ಏನಂತೀರಿ?