ಹಸಿರು ಚುಕ್ಕಿ ಹೇಳದ ಮಾತು

ಹೊಸಪೇಟೆಯಿಂದ ಕುಷ್ಟಗಿ ಕಡೆ ಹೊರಟವರು ಹಿಟ್ನಾಳದ ಬಳಿ ಚಹಾಕ್ಕೆಂದು ಇಳಿದರೆ, ಮಕ್ಕಳ ಕಣ್ಣು ಅಂಗಡಿಯ ಜೆಲ್ಲಿ, ಕೇಕಿನ ಪೊಟ್ಟಣಗಳ ಮೇಲೆ. ಹಿರಿಯರು ಪೊಟ್ಟಣ ತಿರುವಿ ಹಸಿರು ಚುಕ್ಕಿ ಕಂಡರೆ ನಿಶ್ಚಿಂತರು. ಕುರಿ, ದನ, ಹಂದಿಯ ಮಾಂಸ ಮೈಗೆ ಒಗ್ಗದ ಅಲರ್ಜಿಯವರಿಗೆ ಅಷ್ಟು ಸಾಲದು.

ಈ ಅಲರ್ಜಿ ಶುರುವಾಗುವುದು ಉಣ್ಣಿ ಕಡಿತದಿಂದ. ಬಹುತೇಕ ಸಸ್ತನಿಗಳ ಮೈಯಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯುಂಟು, ಮನುಷ್ಯರಲ್ಲಿಲ್ಲ. ಕೆಲವು ಜಾತಿಯ ಉಣ್ಣಿ ಕಚ್ಚಿದಾಗ ಅದು ಒಳಸೇರಿ, ದೇಹ ಅದರ ಮೇಲೆ ಹಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಮಾಂಸ ತಿಂದರೆ ದದ್ದು, ಹೊಟ್ಟೆನೋವು, ಕೆಲವರಿಗೆ ಜೀವಕ್ಕೇ ಕುತ್ತು ತರುವ ಉಸಿರಾಟದ ತೊಂದರೆ. ಅದೂ ತಿಂದ 2ರಿಂದ 6 ಗಂಟೆ ಕಳೆದ ಮೇಲೆ! ರಾತ್ರಿಯ ಊಟಕ್ಕೆ ನಡುರಾತ್ರಿ ತುರಿಕೆ ಎದ್ದರೆ ಯಾರು ತಾನೆ ತಾಳೆ ಹಾಕಿಯಾರು? ಅಮೆರಿಕದಲ್ಲಿ 2010ರಿಂದೀಚೆಗೆ 4.5 ಲಕ್ಷ ಜನರವರೆಗೆ ಇದು ತಟ್ಟಿರಬಹುದೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2023ರಲ್ಲಿ ಅಂದಾಜು ಮಾಡಿತು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ. ಆದರೆ ಅದು ವೈರಸ್ಸಿನ ಜ್ವರ, ಬೇರೆಯೇ ಕತೆ.

ಸಿಹಿಯೊಳಗೆ ಮಾಂಸದ ಅಂಶ ಹೊಗುವುದು ಮುಖ್ಯವಾಗಿ ಜೆಲಟಿನ್ ರೂಪದಲ್ಲಿ. ಹಂದಿ, ದನದ ತೊಗಲು ಮೂಳೆಗಳಿಂದ ತೆಗೆದ ಅಂಟು ಇದು. ಮಾರ್ಷ್‌ಮೆಲೋ ಮೆತ್ತಗಿರುವುದು, ಎಷ್ಟೋ ಜೆಲ್ಲಿ ಮಿಠಾಯಿ ಅಲುಗುವುದು ಇದರಿಂದ. ಅಮೀನಗಡದ ಕರದಂಟಿನ ಅಂಟು ಮರದ್ದು, ಅದಕ್ಕೆ ಅಂಜಬೇಕಿಲ್ಲ; ಅಂಟು ಹುರಿದ ತುಪ್ಪದ ವಿಚಾರ ಬೇರೆ.

ಏಕೆಂದರೆ ನಮ್ಮ ಕಾನೂನಿನಲ್ಲಿ ಹಾಲು, ಬೆಣ್ಣೆ, ತುಪ್ಪ ಎಲ್ಲವೂ ಹಸಿರು. ಈ ಅಲರ್ಜಿಯ ಬಹಳ ಜನ ಹಾಲನ್ನು ತಾಳಿಕೊಳ್ಳುತ್ತಾರೆ, ಕೆಲವರಿಗೆ ಆಗುವುದಿಲ್ಲ. ಕೊಬ್ಬು ಹೆಚ್ಚಿದ್ದಷ್ಟೂ ಕಾಟ ಹೆಚ್ಚು. ಇನ್ನು ಮಾಂಸಾಹಾರದ ಕಂದು ಗುರುತು. 2020ರ ನಿಯಮ ಅದನ್ನು ದುಂಡು ಚುಕ್ಕಿಯಿಂದ ತ್ರಿಕೋನ ಮಾಡಿತು, ಬಣ್ಣಗುರುಡು ಇದ್ದವರಿಗೂ ತಿಳಿಯಲೆಂದು. ಒಳ್ಳೆಯದೇ. ಆದರೆ ಬರೀ ಮೊಟ್ಟೆ ಹಾಕಿದ ಕೇಕಿಗೂ ಹಂದಿಯ ಜೆಲಟಿನ್ ಬೆರೆತ ಸಿಹಿಗೂ ಅದೇ ತ್ರಿಕೋನ. ಕೋಳಿಮೊಟ್ಟೆಯಲ್ಲಿ ಆಲ್ಫಾ-ಗ್ಯಾಲ್ ಇಲ್ಲ. ಗುರುತು ನೋಡಿ ಹೆದರಿದವರು ತಿನ್ನಬಹುದಾದ ಕೇಕನ್ನೂ ಬಿಡುತ್ತಾರೆ. ಈ ಗುರುತುಗಳು ಹುಟ್ಟಿದ್ದು ಜನರ ಆಚಾರ ಕಾಯಲಿಕ್ಕೆ. ಕಾಯಿಲೆಯವರು ಹಿಂಬದಿಯ ಸಣ್ಣಕ್ಷರಕ್ಕೇ ಹೋಗಬೇಕು.

ಅಲ್ಲಿ ಹಂದಿ, ದನದ ಕೊಬ್ಬಿದ್ದರೆ ಹೆಸರಿಟ್ಟೇ ಬರೆಯಬೇಕೆಂಬ ನಿಯಮವಿದೆ. ಅಗರ್, ಅಂದರೆ ಚೈನಾ ಗ್ರಾಸ್, ಮತ್ತು ಪೆಕ್ಟಿನ್ ಸಸ್ಯಮೂಲದವು. ಪೊಟ್ಟಣದ ಮೇಲೆ 407 ಎಂಬ ಸಂಖ್ಯೆ ಇದ್ದರೆ ಅದು ಕ್ಯಾರಗೀನನ್. ಕಡಲಪಾಚಿಯದಾದರೂ ಕೆಲವರಿಗೆ ಅದೂ ಆಗದು. 471 ಎಂಬ ಎಮಲ್ಸಿಫೈಯರ್ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಕೊಬ್ಬಿನಿಂದಲೂ ಬರುತ್ತದೆ. ಹಸಿರು ಚುಕ್ಕಿ ನಿಜಕ್ಕೂ ನೆರವಾಗುವುದು ಇಲ್ಲಿ: ಅದಿದ್ದರೆ 471 ಪ್ರಾಣಿಕೊಬ್ಬಿನದಾಗಿರುವಂತಿಲ್ಲ.

ಅಮೆರಿಕದಿಂದ ಮಗಳು ಸೂಟ್‌ಕೇಸಿನಲ್ಲಿ ತಂದ ಚಾಕೊಲೇಟಿನ ಮೇಲೆ ಮಾತ್ರ ಈ ಚುಕ್ಕಿಯೂ ಇರುವುದಿಲ್ಲ. ಅಲ್ಲಿನ ಅಲರ್ಜಿ ಕಾನೂನು ಹೆಸರಿಸುವ 9 ಪದಾರ್ಥಗಳಲ್ಲಿ ಹಾಲುಂಟು, ಮೊಟ್ಟೆಯುಂಟು, ಸಸ್ತನಿಯ ಮಾಂಸವಿಲ್ಲ. 471ನ್ನು ಅಲ್ಲಿ ಸಂಖ್ಯೆಯಿಂದಲ್ಲ, ‘ಮೋನೊ ಆ್ಯಂಡ್ ಡೈಗ್ಲಿಸರೈಡ್ಸ್’ ಎಂಬ ಹೆಸರಿನಿಂದ ಬರೆಯುತ್ತಾರೆ; ಬರೀ ಅಷ್ಟೇ ಇದ್ದರೆ ಅದರ ಮೂಲ ಯಾವುದೆಂದು ಕಂಪನಿಗೇ ಬರೆದು ಕೇಳಬೇಕು. ಉತ್ತರ ಬರುವವರೆಗೆ ಚಾಕೊಲೇಟು ಡಬ್ಬಿಯಲ್ಲೇ ಇರಲಿ.