ತುಂಗೆಯ ಆಚೆ ದಡ

ನರಸಿಂಹರಾಜಪುರ ತಾಲ್ಲೂಕಿನ ನಮ್ಮ ಶೆಟ್ಟಿಕೊಪ್ಪದ ಸುತ್ತಮುತ್ತ ಮಠಗಳಿಗೆ ಬರವಿಲ್ಲ. ಒಂದು ಕಡೆ ಬಾಳೆಹೊನ್ನೂರಿನ ರಂಭಾಪುರಿ ಪೀಠ, ನರಸಿಂಹರಾಜಪುರದ ಮಗ್ಗುಲಲ್ಲಿ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ, ಕೊಪ್ಪ ದಾಟಿದರೆ ಹರಿಹರಪುರ, ಅದರಾಚೆ ಶೃಂಗೇರಿ. ಇಲ್ಲಿಂದ ಶೃಂಗೇರಿಗೆ ಹೊರಟವರು ಸಾಮಾನ್ಯವಾಗಿ ಮಾಡುವುದಿಷ್ಟು: ಶಾರದೆಗೆ ಕೈಮುಗಿದು, ವಿದ್ಯಾಶಂಕರ ದೇವಾಲಯದ 12 ರಾಶಿಕಂಬಗಳನ್ನು ಸುತ್ತಿ, ತುಂಗಾ ಹೊಳೆಯ ಮೆಟ್ಟಿಲ ಬಳಿ ಮೀನುಗಳಿಗೆ ಮಂಡಕ್ಕಿ ಎರಚಿ, ಊಟ ಮುಗಿಸಿ ಬಸ್ಸು ಹಿಡಿಯುವುದು. ಹೊಳೆಯ ಆಚೆ ದಡದ ನರಸಿಂಹವನಕ್ಕೆ ಹೋದರೂ ಗುರುಗಳ ದರ್ಶನವಾದ ಕೂಡಲೇ ತಿರುಗಿಬಿಡುತ್ತಾರೆ. ನನ್ನ ಮಟ್ಟಿಗೆ, ಅಲ್ಲಿ ಇನ್ನೊಂದು ಗಂಟೆ ಕಳೆಯದಿದ್ದರೆ ಶೃಂಗೇರಿ ನೋಡಿದ್ದು ಅರ್ಧವೇ.

ಈ ವನದಲ್ಲಿರುವ ಗುರುಗಳ ಸಮಾಧಿಗಳಲ್ಲಿ, ಅಂದರೆ ಅಧಿಷ್ಠಾನಗಳಲ್ಲಿ, ಒಂದು ಶೃಂಗೇರಿ ಪೀಠದ 34ನೇ ಗುರು ಚಂದ್ರಶೇಖರ ಭಾರತಿಗಳದು. ಅವರು ಹೊರಗಿನಿಂದ ಬಂದವರಲ್ಲ, ಶೃಂಗೇರಿಯ ಪೇಟೆಯಲ್ಲೇ ಆಡಿ ಬೆಳೆದ ಹುಡುಗ. ಗೋಪಾಲ ಶಾಸ್ತ್ರಿ, ಲಕ್ಷ್ಮಮ್ಮ ದಂಪತಿಗೆ 1892ರ ಅಕ್ಟೋಬರ್ 16ರಂದು ಹುಟ್ಟಿದ ನರಸಿಂಹ ಶಾಸ್ತ್ರಿ. ಹುಡುಗನ ಬುದ್ಧಿ, ಮೌನ ಎರಡನ್ನೂ ಗಮನಿಸಿದವರು ಆಗಿನ ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು. ಶಂಕರರ ಹುಟ್ಟೂರು ಕಾಲಡಿಯನ್ನು ಗುರುತಿಸಿ 1910ರಲ್ಲಿ ಅಲ್ಲಿ ದೇವಾಲಯ ಪ್ರತಿಷ್ಠೆ ಮಾಡಿಸಿದವರು ಅವರೇ. ಹೆಚ್ಚಿನ ಓದಿಗೆ ಹುಡುಗನನ್ನು ಬೆಂಗಳೂರಿನ ಶಂಕರಪುರದ ಪಾಠಶಾಲೆಗೆ ಕಳಿಸಿದರು. 1912ರಲ್ಲಿ ಗುರುಗಳು ದೇಹಬಿಟ್ಟಾಗ ಶಿಷ್ಯ ಇನ್ನೂ ಬೆಂಗಳೂರಿನಲ್ಲಿದ್ದ. ಊರಿಗೆ ಬರುವ ಹೊತ್ತಿಗೆ ಕಾವಿ, ದಂಡ, ಪೀಠ ಮೂರೂ ಅವನಿಗಾಗಿ ಕಾದಿದ್ದವು. ವಯಸ್ಸು ಇಪ್ಪತ್ತೂ ತುಂಬಿರಲಿಲ್ಲ.

ಪೀಠದ ಕೆಲಸಗಳೇನೂ ನಿಲ್ಲಲಿಲ್ಲ. ಗುರುಗಳು ಆರಂಭಿಸಿದ್ದ ಶಾರದೆಯ ಕಲ್ಲಿನ ಗುಡಿಗೆ 1916ರಲ್ಲಿ ಕುಂಭಾಭಿಷೇಕವಾಯಿತು. 1924ರಿಂದ ಮೈಸೂರು, ತಮಿಳುನಾಡು, ಕೇರಳಗಳ ದೀರ್ಘ ಸಂಚಾರವೂ ನಡೆಯಿತು. ಆದರೆ ಮನಸ್ಸು ಆಚೆ ದಡದಲ್ಲಿತ್ತು. 1931ರಲ್ಲಿ ಅಭಿನವ ವಿದ್ಯಾತೀರ್ಥರಿಗೆ ಸಂನ್ಯಾಸ ಕೊಟ್ಟು ಉತ್ತರಾಧಿಕಾರಿಯನ್ನಾಗಿ ಮಾಡಿದ ಮೇಲಂತೂ ನರಸಿಂಹವನದಲ್ಲಿ ಒಳಮುಖವಾಗಿ ಕೂತುಬಿಡುವುದು ಹೆಚ್ಚಾಯಿತು. ದೂರದಿಂದ ಬಂದವರು ದರ್ಶನವಿಲ್ಲದೆ ಹಿಂದಿರುಗಿದ್ದೂ ಉಂಟು. ಮಠದ ಅಧಿಕಾರಿಗಳ ಪಾಡು ಏನಾಗಿತ್ತೋ! ರಾಜೋಪಚಾರದ ಪೀಠದಲ್ಲಿ ಕೂತ ಗುರುವಿಗೆ ಉಪಚಾರವೇ ಬೇಡವಾಗಿತ್ತು.

ಹಾಗೆಂದು ಅವರು ಮಾತೇ ಆಡದವರಲ್ಲ. ವಿವೇಕಚೂಡಾಮಣಿಗೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು. ಬಂದವರೊಡನೆ ನಡೆಸಿದ ಸಂಭಾಷಣೆಗಳನ್ನು ಶಿಷ್ಯರಾದ ಆರ್. ಕೃಷ್ಣಸ್ವಾಮಿ ಅಯ್ಯರ್ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ. ಹಿಂದೂ ಧರ್ಮ ಸೇರಬೇಕೆಂದು ಬಂದ ಕ್ರೈಸ್ತನೊಬ್ಬನಿಗೆ, ನಿನ್ನ ಧರ್ಮವನ್ನು ನೀನು ನಿಜವಾಗಿ ಪಾಲಿಸಿ ನೋಡಿದ್ದೀಯಾ, ಮೊದಲು ಅದನ್ನು ಮಾಡು ಎಂಬರ್ಥದಲ್ಲಿ ಅವರು ಹೇಳಿದ್ದು ಅದರಲ್ಲಿ ಬರುತ್ತದೆ. ಅವರ ಉಪದೇಶದ ತಿರುಳೂ ಇದೇ: ಕೈಲಿರುವ ಕರ್ತವ್ಯವನ್ನು ಬಿಟ್ಟು ವೇದಾಂತಕ್ಕೆ ಹಾರಬೇಡ. ವಿಧಿ ದೊಡ್ಡದೋ ಪ್ರಯತ್ನ ದೊಡ್ಡದೋ ಎಂಬ ಹಳೆಯ ಜಗಳಕ್ಕೆ ಅವರ ಉತ್ತರವೂ ಅಷ್ಟೇ ನೇರ. ಇಂದಿನ ವಿಧಿಯೆಂದರೆ ನಿನ್ನದೇ ಹಿಂದಿನ ಪ್ರಯತ್ನ, ಆದ್ದರಿಂದ ಈಗಿನ ಪ್ರಯತ್ನ ಬಿಡಬೇಡ. ಕೇರಳದಿಂದ ಬಂದ ಕ್ರೈಸ್ತ ಕುಟುಂಬಗಳು ರಬ್ಬರ್ ಬೆಳೆಸುವ ನಮ್ಮ ತಾಲ್ಲೂಕಿನಲ್ಲಿ ಆ ಕ್ರೈಸ್ತನಿಗೆ ಅವರು ಹೇಳಿದ ಮಾತಿಗೆ ಬೇರೆಯೇ ತೂಕವಿದೆ ಅನ್ನಿಸುತ್ತದೆ.

1954ರ ಆಗಸ್ಟ್ 24ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಶೃಂಗೇರಿಗೆ ಬಂದು ಅವರ ದರ್ಶನ ಪಡೆದರು. ಒಂದು ತಿಂಗಳು ಕಳೆದು, ಸೆಪ್ಟೆಂಬರ್ 26ರ ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ ಸ್ನಾನಕ್ಕೆಂದು ತುಂಗೆಗಿಳಿದ ಗುರುಗಳು ಮತ್ತೆ ಮೇಲೆ ಬರಲಿಲ್ಲ. ಹಿಂದೆಯೇ ಹೋಗಿದ್ದ ಪರಿಚಾರಕ ಕೈಚಾಚಿದರೂ ಉಳಿಸಿಕೊಳ್ಳಲಾಗಲಿಲ್ಲ. ಭಕ್ತರು ಇದನ್ನು ವಿದೇಹಮುಕ್ತಿ ಎನ್ನುತ್ತಾರೆ. ಅವರ ಗುರುಗಳ ಅಧಿಷ್ಠಾನವಿರುವ ನರಸಿಂಹವನದಲ್ಲೇ ಅವರದೂ ಆಯಿತು. 1989ರಲ್ಲಿ ಶಿಷ್ಯ ಅಭಿನವ ವಿದ್ಯಾತೀರ್ಥರೂ ಅಲ್ಲಿಗೇ ಸೇರಿದರು.

ಹಿಂದೆ ದೋಣಿಯಲ್ಲಿ ದಾಟುತ್ತಿದ್ದ ಹೊಳೆಗೆ ಈಗ ವಿದ್ಯಾತೀರ್ಥ ಸೇತುವೆಯಿದೆ. ಶೆಟ್ಟಿಕೊಪ್ಪದಿಂದ ಬೆಳಿಗ್ಗೆ ಬೇಗ ಹೊರಟರೆ ಅಧಿಷ್ಠಾನಗಳನ್ನು ನಿಧಾನವಾಗಿ ನೋಡಿ, ಊಟದ ಹೊತ್ತಿಗೆ ಈಚೆ ದಡದ ಭೋಜನಶಾಲೆಗೆ ಬಂದು ಪಂಕ್ತಿಯಲ್ಲಿ ಕೂರಬಹುದು.